ಹೈಸ್ಕೂಲ್‌ನಲ್ಲೇ ಕಾಲೇಜ್ ಕ್ರೆಡಿಟ್, ಆ ಕ್ರೆಡಿಟ್‌ನಿಂದ ಸ್ಕಾಲರ್‌ಶಿಪ್: ಅಮೆರಿಕದ ಕನ್ನಡ ಕುಟುಂಬಗಳಿಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಹೈಸ್ಕೂಲ್ ಅಂದ್ರೆ 9ರಿಂದ 12ನೇ ತರಗತಿ. ನಮ್ಮ ಲೆಕ್ಕದಲ್ಲಿ ಕೊನೆಯ ಎರಡು ವರ್ಷ ಪಿಯುಸಿ. ಈ ನಾಲ್ಕು ವರ್ಷದಲ್ಲಿ ಮಕ್ಕಳು ಶಾಲೆಯ ಪಾಠದ ಜೊತೆಗೇ ಕಾಲೇಜ್ ಕ್ರೆಡಿಟ್ (ಡಿಗ್ರಿಯ ಲೆಕ್ಕಕ್ಕೆ ಸೇರುವ ಅಂಶ) ಕೂಡ ಗಳಿಸಬಹುದು. ಊರಲ್ಲಿ ಓದಿ ಬಂದ ನಮಗೆ ಇದು ಹೊಸದು. ಪಿಯುಸಿಯಲ್ಲಿ ಇರುವಾಗಲೇ ಡಿಗ್ರಿಯ ಎರಡು ಪೇಪರ್ ಬರೆದು ಇಟ್ಟುಕೊಳ್ಳುವ ದಾರಿ ನಮಗೆ ಇರಲಿಲ್ಲ. ಹಾಗಾಗಿ ಎಷ್ಟೋ ಅಪ್ಪ ಅಮ್ಮಂದಿರಿಗೆ ಇದು ಗೊತ್ತಾಗುವುದೇ ಮಗು 11ನೇ ತರಗತಿ ಮುಗಿಸುವ ಹೊತ್ತಿಗೆ. ಅಷ್ಟರಲ್ಲಿ ಅರ್ಧ ಅವಕಾಶ ಕೈ ತಪ್ಪಿರುತ್ತದೆ.

ಮೊದಲು ಸ್ವಲ್ಪ ಲೆಕ್ಕ. ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿಗೆ ಸಾಮಾನ್ಯವಾಗಿ 120 ಸೆಮಿಸ್ಟರ್ ಕ್ರೆಡಿಟ್ ಬೇಕು. ಒಂದು ಕೋರ್ಸ್‌ಗೆ ಮೂರು ಅಥವಾ ನಾಲ್ಕು ಕ್ರೆಡಿಟ್. ವರ್ಷಕ್ಕೆ 30 ಕ್ರೆಡಿಟ್ ಮುಗಿಸಿದರೆ ನಾಲ್ಕು ವರ್ಷಕ್ಕೆ ಡಿಗ್ರಿ. ವಾಷಿಂಗ್ಟನ್ ರಾಜ್ಯದಂಥ ಕಡೆ ಬಹಳಷ್ಟು ಕಾಲೇಜುಗಳಲ್ಲಿ ವರ್ಷವನ್ನು ಇನ್ನೂ ಚಿಕ್ಕ ಅವಧಿಗಳಾಗಿ ಹಂಚುವ ಕ್ವಾರ್ಟರ್ ಪದ್ಧತಿ ಇದೆ. ಅಲ್ಲಿ 180 ಕ್ರೆಡಿಟ್, ಒಂದು ಕೋರ್ಸ್‌ಗೆ ಹೆಚ್ಚಾಗಿ ಐದು. ಹೈಸ್ಕೂಲ್‌ನಲ್ಲೇ 30 ಸೆಮಿಸ್ಟರ್ ಕ್ರೆಡಿಟ್ ಕೈಯಲ್ಲಿದ್ದರೆ ಕಾಲೇಜಿನ ಒಂದು ವರ್ಷ ಮುಗಿದ ಹಾಗೆ. ಆದರೆ ಆ ಕ್ರೆಡಿಟ್ ಸರಿಯಾದ ಕಡೆ ಲೆಕ್ಕಕ್ಕೆ ಬಂದರೆ ಮಾತ್ರ.

ಈ ಬರಹದಲ್ಲಿ ನಾನು ಒತ್ತಿ ಹೇಳುವ ವಿಷಯ ಅದೇ. ಬಸ್ ಹತ್ತುವ ಮುಂಚೆ ಬೋರ್ಡ್ ನೋಡುತ್ತೇವಲ್ಲ, ಹಾಗೆ ಕೋರ್ಸ್ ಆರಿಸುವ ಮುಂಚೆ ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಯಾವ ಸ್ಕಾಲರ್‌ಶಿಪ್, ಯಾವ ಕಾಲೇಜ್, ಯಾವ ಡಿಗ್ರಿ ಅನ್ನುವುದು ಮೊದಲು. ಯಾವ ಕ್ರೆಡಿಟ್ ಅನ್ನುವುದು ಆಮೇಲೆ.

ಹೆಜ್ಜೆ 1: ದುಡ್ಡು ಯಾವ ದಾರಿಯಿಂದ ಬರುತ್ತದೆ ಅಂತ ತಿಳಿದುಕೊಳ್ಳಿ

ದಾರಿ ಮೂರು. ಮೊದಲನೆಯದು ನೇರ ಉಳಿತಾಯ. ಹೈಸ್ಕೂಲ್‌ನಲ್ಲಿ ಉಚಿತವಾಗಿ ಮುಗಿಸಿದ ಕೋರ್ಸ್‌ಗೆ ಕಾಲೇಜಿನಲ್ಲಿ ಫೀಸ್ ಕಟ್ಟುವುದಿಲ್ಲ. ಎರಡನೆಯದು ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್. ಮೂರನೆಯದು ಕಾಲೇಜುಗಳೇ ಕೊಡುವ ಮೆರಿಟ್ ಸ್ಕಾಲರ್‌ಶಿಪ್.

ಕ್ರೆಡಿಟ್‌ಗೂ ಸ್ಕಾಲರ್‌ಶಿಪ್‌ಗೂ ನೇರ ಗಂಟು ಹಾಕಿದ ಹಳೆಯ ಉದಾಹರಣೆ ಯೂಟಾ ರಾಜ್ಯದ್ದು. ಅಲ್ಲಿ 1999ರಲ್ಲಿ ನ್ಯೂ ಸೆಂಚುರಿ ಸ್ಕಾಲರ್‌ಶಿಪ್ ಶುರುವಾಯಿತು. ಹೈಸ್ಕೂಲ್ ಮುಗಿಸುವ ಹೊತ್ತಿಗೆ ಅಸೋಸಿಯೇಟ್ ಡಿಗ್ರಿಯನ್ನೂ, ಅಂದರೆ ಎರಡು ವರ್ಷದ ಕಾಲೇಜ್ ಓದನ್ನೂ ಮುಗಿಸಿದ ಮಕ್ಕಳಿಗೆ ಆ ಹಣ ಸಿಗುತ್ತಿತ್ತು. ಈಗ ಆ ಯೋಜನೆ ನಿಂತಿದೆ. ಈಗಿರುವ ಆಪರ್ಚುನಿಟಿ ಸ್ಕಾಲರ್‌ಶಿಪ್‌ಗೆ ಗಣಿತ, ವಿಜ್ಞಾನ, ಇಂಗ್ಲಿಷ್ ಮೂರರಲ್ಲೂ ತಲಾ ಒಂದು ಕಾಲೇಜ್ ಮಟ್ಟದ ಕೋರ್ಸ್ ಮಾಡಿರಬೇಕು. ಇಂಡಿಯಾನಾದಲ್ಲಿ ಇನ್ನೊಂದು ಥರ. ಸರ್ಕಾರಿ ಹೈಸ್ಕೂಲನ್ನು ಕನಿಷ್ಠ ಒಂದು ವರ್ಷ ಮೊದಲೇ ಮುಗಿಸಿದವರಿಗೆ ಮಿಚ್ ಡೇನಿಯಲ್ಸ್ ಸ್ಕಾಲರ್‌ಶಿಪ್ ಅಂತ 4,000 ಡಾಲರ್ ಕೊಡುತ್ತಾರೆ.

ನಮ್ಮವರು ಜಾಸ್ತಿ ಇರುವ ಜಾರ್ಜಿಯಾ, ಫ್ಲೋರಿಡಾಗಳ ನಿಯಮವನ್ನು ಸ್ವಲ್ಪ ಬಿಡಿಸಿ ನೋಡೋಣ.

ಜಾರ್ಜಿಯಾದ ಹೋಪ್ ಸ್ಕಾಲರ್‌ಶಿಪ್ 1993ರಿಂದ ಇದೆ. ಲಾಟರಿ ಹಣದಿಂದ ನಡೆಯುತ್ತದೆ. ಹೋಪ್‌ಗೆ 3.0 ಜಿ.ಪಿ.ಎ. (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಬೇಕು. ಅದರ ಮೇಲಿನ ಮೆಟ್ಟಿಲು ಜೆಲ್ ಮಿಲ್ಲರ್. ಅದಕ್ಕೆ 3.7 ಜಿ.ಪಿ.ಎ., ಜೊತೆಗೆ ಕಾಲೇಜ್ ಪ್ರವೇಶ ಪರೀಕ್ಷೆಯಾದ ಎಸ್.ಎ.ಟಿ.ಯಲ್ಲಿ 1200 ಅಥವಾ ಅದಕ್ಕೆ ಸಮನಾದ ಎ.ಸಿ.ಟಿ. ಅಂಕ. ಎರಡಕ್ಕೂ ಇನ್ನೊಂದು ಷರತ್ತು ಇದೆ: ನಾಲ್ಕು ಕಠಿಣ ಕೋರ್ಸ್ ಮುಗಿಸಿರಬೇಕು. ಎ.ಪಿ., ಐ.ಬಿ., ಡ್ಯುಯಲ್ ಎನ್‌ರೋಲ್‌ಮೆಂಟ್‌ನ (ಹೈಸ್ಕೂಲ್‌ನಲ್ಲೇ ಕಾಲೇಜ್ ಕ್ರೆಡಿಟ್ ಗಳಿಸುವ ಈ ಮೂರು ದಾರಿಗಳ ವಿವರ ಹೆಜ್ಜೆ 2ರಲ್ಲಿದೆ) ಮುಖ್ಯ ವಿಷಯಗಳು, ಮುಂದುವರಿದ ಗಣಿತ, ವಿಜ್ಞಾನ ಮತ್ತು ವಿದೇಶಿ ಭಾಷೆ ಆ ಪಟ್ಟಿಯಲ್ಲಿವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಶಾಲೆ ಹಾಕುವ ಜಿ.ಪಿ.ಎ.ಯೇ ಬೇರೆ, ರಾಜ್ಯ ಹಾಕುವ ಹೋಪ್ ಜಿ.ಪಿ.ಎ.ಯೇ ಬೇರೆ. ರಾಜ್ಯದವರು ಶಾಲೆ ಸೇರಿಸಿದ ಹೆಚ್ಚುವರಿ ಅಂಕ ತೆಗೆದು, ಮುಖ್ಯ ವಿಷಯಗಳನ್ನು ಮಾತ್ರ ಹಿಡಿದು, ಎ.ಪಿ., ಐ.ಬಿ., ಡ್ಯುಯಲ್ ಕೋರ್ಸ್‌ಗಳಿಗೆ ಅರ್ಧ ಅಂಕ ಸೇರಿಸುತ್ತಾರೆ. ಆದರೆ 4.0 ದಾಟುವಂತಿಲ್ಲ. ಅಂದರೆ ಎ.ಪಿ. ಕೆಮಿಸ್ಟ್ರಿಯಲ್ಲಿ ಬಿ ಬಂದರೆ 3.0 ಇದ್ದದ್ದು 3.5 ಆಗುತ್ತದೆ. ಎ ಬಂದರೆ ಹೆಚ್ಚುವರಿ ಏನೂ ಇಲ್ಲ. ಕಠಿಣ ಕೋರ್ಸ್‌ನಲ್ಲಿ ಬಿ ಬಂದಾಗ ಆಗುವ ನಷ್ಟವನ್ನು ಅದು ಕಡಿಮೆ ಮಾಡುತ್ತದೆ, ಪೂರ್ತಿ ತುಂಬುವುದಿಲ್ಲ. 3.7ರ ಅಂಚಿನಲ್ಲಿರುವ ಮಗುವಿಗೆ ಒಂದೇ ವರ್ಷ ಐದು ಎ.ಪಿ. ಹೇರಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಫ್ಲೋರಿಡಾದ ಬ್ರೈಟ್ ಫ್ಯೂಚರ್ಸ್ 1997ರಿಂದ ಇದೆ. ಮೇಲಿನ ಹಂತಕ್ಕೆ 3.5 ಜಿ.ಪಿ.ಎ., ಎಸ್.ಎ.ಟಿ. 1330, 100 ಗಂಟೆ ಸಮಾಜ ಸೇವೆ. ಅದರ ಕೆಳಗಿನ ಮೆಡಾಲಿಯನ್ ಹಂತಕ್ಕೆ 3.0, 1210, 75 ಗಂಟೆ. ಸೇವೆಯ ಬದಲು 100 ಗಂಟೆ ಸಂಬಳದ ಕೆಲಸ ಮಾಡಿದರೂ ಆಗುತ್ತದೆ. ಇಲ್ಲೂ ಎ.ಪಿ., ಐ.ಬಿ., ಡ್ಯುಯಲ್ ಕೋರ್ಸ್‌ಗಳಿಗೆ ಜಿ.ಪಿ.ಎ.ಯಲ್ಲಿ ಹೆಚ್ಚು ತೂಕ. ಮೇಲಿನ ಹಂತ ಸಿಕ್ಕರೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ ಪೂರ್ತಿ ಟ್ಯೂಷನ್, ಅಂದರೆ ಓದಿನ ಫೀಸ್‌ನ ಹಣ, ಸಿಗುತ್ತದೆ. ಈ ಅಂಕಗಳನ್ನು ರಾಜ್ಯಗಳು ಆಗಾಗ ಬದಲಿಸುತ್ತವೆ. ನಿಮ್ಮ ಮಗು ಮುಗಿಸುವ ವರ್ಷಕ್ಕೆ ಯಾವ ನಿಯಮ ಅನ್ನುವುದನ್ನು ರಾಜ್ಯದ ಅಧಿಕೃತ ತಾಣದಲ್ಲಿ ನೋಡಿ. ಪಕ್ಕದ ಮನೆಯ ಅಕ್ಕನ ಮಗ ಮೂರು ವರ್ಷದ ಹಿಂದೆ ಏನು ಮಾಡಿದ ಅನ್ನುವುದು ಆಧಾರ ಆಗಬಾರದು.

ಹೆಜ್ಜೆ 2: ಕ್ರೆಡಿಟ್ ಗಳಿಸುವ ದಾರಿ ಆರಿಸಿ

ಎ.ಪಿ., ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಎಲ್ಲರಿಗೂ ಗೊತ್ತಿರುವುದು: ಶಾಲೆಯಲ್ಲೇ ಓದುವ ಕಾಲೇಜ್ ಮಟ್ಟದ ಕೋರ್ಸ್. ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ ನಡೆಸುತ್ತದೆ. ವರ್ಷವಿಡೀ ಶಾಲೆಯಲ್ಲಿ ಪಾಠ, ಮೇ ತಿಂಗಳಲ್ಲಿ ಪರೀಕ್ಷೆ, ಜುಲೈನಲ್ಲಿ ಫಲಿತಾಂಶ. 1ರಿಂದ 5ರವರೆಗೆ ಅಂಕ. ಟೆಕ್ಸಾಸ್, ನಾರ್ತ್ ಕೆರೊಲೈನಾದಂಥ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳು 3ಕ್ಕೂ ಕ್ರೆಡಿಟ್ ಕೊಡುತ್ತವೆ. ಹೆಸರಾಂತ ಖಾಸಗಿ ಕಾಲೇಜುಗಳು 4 ಅಥವಾ 5 ಕೇಳುತ್ತವೆ, ಕೆಲವು ಏನೂ ಕೊಡುವುದಿಲ್ಲ. ಡಾರ್ಟ್‌ಮತ್ ಕಾಲೇಜ್ 2018ರಲ್ಲಿ ಪದವಿ ಪಡೆಯುವ ತಂಡದಿಂದ ಎ.ಪಿ.ಗೆ ಕ್ರೆಡಿಟ್ ಕೊಡುವುದನ್ನೇ ನಿಲ್ಲಿಸಿತು. ಮೇಲಿನ ಕೋರ್ಸ್‌ಗೆ ನೇರವಾಗಿ ಕೂರಿಸುತ್ತದೆ, ಅಷ್ಟೇ.

ಡ್ಯುಯಲ್ ಎನ್‌ರೋಲ್‌ಮೆಂಟ್ ಅಂದ್ರೆ ಹೈಸ್ಕೂಲ್ ಮಗು ನಿಜವಾದ ಕಾಲೇಜ್ ಕೋರ್ಸ್‌ಗೇ ಸೇರುವುದು. ಒಂದೇ ಕೋರ್ಸ್ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ಮಿನ್ನೆಸೋಟ 1985ರಲ್ಲೇ ಇದನ್ನು ಇಡೀ ರಾಜ್ಯಕ್ಕೆ ತಂದಿತು. ವಾಷಿಂಗ್ಟನ್‌ನಲ್ಲಿ ಇದರ ಹೆಸರು ರನ್ನಿಂಗ್ ಸ್ಟಾರ್ಟ್. 11, 12ನೇ ತರಗತಿಯವರು ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜಿಗೆ) ಹೋಗಿ ಟ್ಯೂಷನ್ ಇಲ್ಲದೆ ಓದಬಹುದು. ಪುಸ್ತಕ, ಸಣ್ಣಪುಟ್ಟ ಫೀಸ್, ಓಡಾಟದ ಖರ್ಚು ಮನೆಯವರದ್ದು. ಓಹಾಯೊದ ಕಾಲೇಜ್ ಕ್ರೆಡಿಟ್ ಪ್ಲಸ್‌ನಲ್ಲಿ 7ನೇ ತರಗತಿಯಿಂದಲೇ ಅವಕಾಶ ಇದೆ. ಸರ್ಕಾರಿ ಶಾಲೆಯ ಮಗು ಸರ್ಕಾರಿ ಕಾಲೇಜಿಗೆ ಸೇರಿದರೆ ಪುಸ್ತಕವೂ ಉಚಿತ. ಜಾರ್ಜಿಯಾ 2020ರಿಂದ ಒಬ್ಬ ವಿದ್ಯಾರ್ಥಿಗೆ ಒಟ್ಟು 30 ಕ್ರೆಡಿಟ್‌ವರೆಗೆ ಹಣ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಯೂನಿಟ್‌ಗೆ (ಅಂದರೆ ಕ್ರೆಡಿಟ್‌ಗೆ) 46 ಡಾಲರ್ ಇದ್ದರೂ ಹೈಸ್ಕೂಲ್ ಮಕ್ಕಳಿಗೆ ಅದನ್ನು ಸಾಮಾನ್ಯವಾಗಿ ಮಾಫಿ ಮಾಡುತ್ತಾರೆ.

ಇವೆರಡರ ಮುಖ್ಯ ವ್ಯತ್ಯಾಸ ಮಾರ್ಕ್ಸ್ ಎಲ್ಲಿ ಕೂರುತ್ತದೆ ಅನ್ನುವುದು. ಎ.ಪಿ. ಪರೀಕ್ಷೆಯಲ್ಲಿ 2 ಬಂತು ಅಂದುಕೊಳ್ಳಿ. ಸಾಮಾನ್ಯವಾಗಿ ಅದನ್ನು ಕಾಲೇಜಿಗೆ ಹೇಳಲೇಬೇಕು ಅಂತಿಲ್ಲ. ಡ್ಯುಯಲ್ ಕೋರ್ಸ್‌ನಲ್ಲಿ ಸಿ ಬಂತು ಅಂದ್ರೆ ಅದು ಕಾಲೇಜ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಅಧಿಕೃತ ಅಂಕಪಟ್ಟಿಯಲ್ಲಿ) ಜೀವನಪೂರ್ತಿ ಇರುತ್ತದೆ. ಮುಂದೆ ಮೆಡಿಕಲ್ ಶಾಲೆಗೆ ಅರ್ಜಿ ಹಾಕುವಾಗ, 16ನೇ ವಯಸ್ಸಿನಲ್ಲಿ ತೆಗೆದ ಆ ಸಿ ಕೂಡ ಜಿ.ಪಿ.ಎ.ಗೆ ಸೇರುತ್ತದೆ. ಮಗು ಡಾಕ್ಟರ್ ಆಗಬೇಕು ಅಂತ ಕನಸು ಇರುವ ಮನೆಯವರು ಈ ಸಾಲನ್ನು ಇನ್ನೊಮ್ಮೆ ಓದಿ. ಮತ್ತೆ, ಕೆಲವು ಮೆಡಿಕಲ್ ಶಾಲೆಗಳು ಬಯಾಲಜಿ, ಕೆಮಿಸ್ಟ್ರಿಗೆ ಎ.ಪಿ. ಕ್ರೆಡಿಟ್ ಒಪ್ಪುವುದಿಲ್ಲ. ಆ ಮಕ್ಕಳು ವಿಜ್ಞಾನವನ್ನು ಕಾಲೇಜಿಗೆ ಉಳಿಸಿಕೊಂಡು, ಇಂಗ್ಲಿಷ್, ಇತಿಹಾಸ, ಸೈಕಾಲಜಿ, ಸ್ಟಾಟಿಸ್ಟಿಕ್ಸ್‌ನಲ್ಲಿ ಕ್ರೆಡಿಟ್ ಗಳಿಸುವುದು ಒಳ್ಳೆಯದು.

ಐ.ಬಿ., ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಇಡೀ ಎರಡು ವರ್ಷದ ಕಾರ್ಯಕ್ರಮ. ಶಾಲೆಯಲ್ಲಿ ಇದ್ದರೆ ಮಾತ್ರ ಆಗುತ್ತದೆ. ಹೆಚ್ಚಿನ ಕಡೆ ಹೈಯರ್ ಲೆವೆಲ್ ವಿಷಯಗಳಿಗಷ್ಟೇ ಕ್ರೆಡಿಟ್ ಸಿಗುತ್ತದೆ.

ಕ್ಲೆಪ್ ಬಗ್ಗೆ ನಮ್ಮವರಲ್ಲಿ ಕೇಳಿದವರೇ ಕಡಿಮೆ. ಇದೂ ಕಾಲೇಜ್ ಬೋರ್ಡ್‌ನದ್ದೇ. ಒಟ್ಟು 34 ಪರೀಕ್ಷೆ. ಕ್ಲಾಸ್‌ಗೆ ಹೋಗಬೇಕಿಲ್ಲ, ಓದಿಕೊಂಡು ಹೋಗಿ ಬರೆದರೆ ಆಯಿತು. 20ರಿಂದ 80ರ ನಡುವೆ ಅಂಕ, ಸಾಮಾನ್ಯವಾಗಿ 50 ಬಂದರೆ ಕ್ರೆಡಿಟ್. ಮಾಡರ್ನ್ ಸ್ಟೇಟ್ಸ್ ಅನ್ನುವ ಸಂಸ್ಥೆಯ ಉಚಿತ ಆನ್‌ಲೈನ್ ಕೋರ್ಸ್ ಮುಗಿಸಿದರೆ ಪರೀಕ್ಷೆ ಫೀಸ್‌ಗೆ ವೋಚರ್ ಕೂಡ ಸಿಗುತ್ತದೆ. ಕ್ಲೆಪ್ ಜಿ.ಪಿ.ಎ.ಗೆ ಸೇರುವುದಿಲ್ಲ. ಹಾಗಾಗಿ ಸ್ಕಾಲರ್‌ಶಿಪ್ ಗಿಟ್ಟಿಸಲು ಅಷ್ಟು ಉಪಯೋಗ ಇಲ್ಲ. ಉಳಿತಾಯಕ್ಕೆ ಮಾತ್ರ ಇದರಷ್ಟು ಅಗ್ಗದ ದಾರಿ ಇನ್ನೊಂದಿಲ್ಲ.

ಕನ್ನಡಕ್ಕೂ ಕ್ರೆಡಿಟ್ ಸಿಗುತ್ತದೆ

ಇದನ್ನು ಬೇರೆಯಾಗಿಯೇ ಹೇಳಬೇಕು ಅನ್ನಿಸಿತು. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಸೀಲ್ ಆಫ್ ಬೈಲಿಟರಸಿ ಅಂತ ಒಂದು ಮನ್ನಣೆ ಇದೆ. ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆಯನ್ನು ಓದಲು, ಬರೆಯಲು, ಮಾತಾಡಲು ಚೆನ್ನಾಗಿ ಬರುವ ಹೈಸ್ಕೂಲ್ ಮಕ್ಕಳಿಗೆ ಡಿಪ್ಲೊಮಾದ ಮೇಲೆ ಆ ಮುದ್ರೆ ಹಾಕಿಕೊಡುತ್ತಾರೆ. ಭಾಷಾ ಪರೀಕ್ಷೆ ಬರೆಯಬೇಕು. ಅವಾಂಟ್ ಸಂಸ್ಥೆಯ ಪರೀಕ್ಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.

ಇಲಿನಾಯ್, ಮಿನ್ನೆಸೋಟ ರಾಜ್ಯಗಳಲ್ಲಿ ಈ ಮುದ್ರೆಗೆ ಸರ್ಕಾರಿ ಕಾಲೇಜುಗಳು ಭಾಷೆಯ ಕ್ರೆಡಿಟ್ ಕೊಡುವ ವ್ಯವಸ್ಥೆ ಇದೆ. ಮಿನ್ನೆಸೋಟದಲ್ಲಿ ಹೈಸ್ಕೂಲ್ ಮುಗಿಸಿ ಮೂರು ವರ್ಷದೊಳಗೆ ಕಾಲೇಜನ್ನು ಕೇಳಬೇಕು. ಕೇಳದಿದ್ದರೆ ತಾನಾಗಿ ಬರುವುದಿಲ್ಲ. ಬೇರೆ ರಾಜ್ಯಗಳ ಎಷ್ಟೋ ಶಾಲಾ ಜಿಲ್ಲೆಗಳಲ್ಲಿ ಇದೇ ಪರೀಕ್ಷೆಯಿಂದ ಹೈಸ್ಕೂಲ್‌ನ ವಿದೇಶಿ ಭಾಷೆಯ ಕ್ರೆಡಿಟ್ ಆದರೂ ಸಿಗುತ್ತದೆ. ಆಗ ಸ್ಪ್ಯಾನಿಷ್‌ಗೆ ಹೋಗುತ್ತಿದ್ದ ಪೀರಿಯಡ್ ಖಾಲಿಯಾಗಿ, ಅಲ್ಲಿ ಒಂದು ಡ್ಯುಯಲ್ ಕೋರ್ಸ್ ಕೂರುತ್ತದೆ.

ಶನಿವಾರ, ಭಾನುವಾರದ ಕನ್ನಡ ಶಾಲೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ, "ಇದರಿಂದ ಏನು ಉಪಯೋಗ?" ಅನ್ನುವ ಪ್ರಶ್ನೆ ಕೇಳಿಸಿಕೊಂಡ ಅಪ್ಪ ಅಮ್ಮಂದಿರು ತುಂಬಾ ಜನ ಇದ್ದಾರೆ. ಮಾತಾಡಲು ಬಂದರೆ ಸಾಲದು, ಓದು ಬರಹ ಬೇಕು. ಅಕ್ಷರಾಭ್ಯಾಸವನ್ನು 6, 7ನೇ ತರಗತಿಯಲ್ಲಿ ಬಿಟ್ಟುಬಿಡಬೇಡಿ. ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಮಾಡುವುದನ್ನೂ ಕಲಿಸಿ. ಪರೀಕ್ಷೆಯಲ್ಲಿ ಅದು ಬೇಕಾಗುತ್ತದೆ.

ಹೆಜ್ಜೆ 3: ಕ್ರೆಡಿಟ್ ಎಲ್ಲಿ ಒಪ್ಪುತ್ತಾರೆ ಅಂತ ಬರೆದಿಟ್ಟುಕೊಳ್ಳಿ

ಮಗು ಹೋಗಬಹುದಾದ ಐದಾರು ಕಾಲೇಜುಗಳ ಪಟ್ಟಿ ಮಾಡಿ. ನಿಮ್ಮ ರಾಜ್ಯದ ಎರಡು ಮೂರು ಸರ್ಕಾರಿ ವಿಶ್ವವಿದ್ಯಾಲಯ ಅದರಲ್ಲಿ ಇರಲಿ. ಪ್ರತಿ ಕಾಲೇಜಿನ ತಾಣದಲ್ಲಿ ಎ.ಪಿ. ಕ್ರೆಡಿಟ್ ಪುಟವೂ, ಬೇರೆ ಕಾಲೇಜಿನ ಕೋರ್ಸ್ ಯಾವುದಕ್ಕೆ ಸಮ ಅನ್ನುವ ಪಟ್ಟಿಯೂ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಅಸಿಸ್ಟ್ ಅನ್ನುವ ತಾಣವೇ ಇದೆ. ಟೆಕ್ಸಾಸ್‌ನಲ್ಲಿ 42 ಕ್ರೆಡಿಟ್ ಗಂಟೆಗಳ ಕೋರ್ ಕೋರ್ಸ್‌ಗಳನ್ನು ಎಲ್ಲ ಸರ್ಕಾರಿ ಕಾಲೇಜುಗಳೂ ಒಪ್ಪಬೇಕು. ಫ್ಲೋರಿಡಾದಲ್ಲಿ ಇಡೀ ರಾಜ್ಯಕ್ಕೆ ಒಂದೇ ಕೋರ್ಸ್ ನಂಬರ್ ಪದ್ಧತಿ ಇದೆ. ಓಹಾಯೊದಲ್ಲೂ ಸರ್ಕಾರಿ ಕಾಲೇಜುಗಳ ನಡುವೆ ಕ್ರೆಡಿಟ್ ಸಾಗಿಸುವ ಸಾಮಾನ್ಯ ಪಟ್ಟಿ ಇದೆ.

"ಒಪ್ಪುತ್ತೇವೆ" ಅನ್ನುವ ಉತ್ತರ ಸಾಲದು. ಕ್ರೆಡಿಟ್ ಡಿಗ್ರಿಯ ಯಾವ ಖಾನೆಗೆ ಹೋಗುತ್ತದೆ ಅಂತ ಕೇಳಿ. ಕಡ್ಡಾಯ ಕೋರ್ಸ್ ಖಾನೆಗೆ ಹೋದರೆ ಒಂದು ಕೋರ್ಸ್ ನಿಜವಾಗಿ ಕಡಿಮೆಯಾಗುತ್ತದೆ. ಬರೀ ಎಲೆಕ್ಟಿವ್ (ಐಚ್ಛಿಕ) ಖಾನೆಗೆ ಬಿದ್ದರೆ ಆ ಲಾಭ ಇರದೇ ಹೋಗಬಹುದು. ಅದರಲ್ಲೂ ಎಂಜಿನಿಯರಿಂಗ್‌ನಲ್ಲಿ, ಎಲೆಕ್ಟಿವ್‌ಗೆ ಜಾಗವೇ ಕಡಿಮೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ 60 ಕ್ರೆಡಿಟ್ ಕಾಣಿಸುತ್ತದೆ, ಡಿಗ್ರಿಗೆ ಮಾತ್ರ ಇನ್ನೂ ನಾಲ್ಕು ವರ್ಷ ಬೇಕು. ಹೀಗೆ ಆಗುವುದು ಅಪರೂಪವೇನಲ್ಲ.

ಖಾಸಗಿ ಕಾಲೇಜುಗಳಲ್ಲಿ ಇನ್ನೊಂದು ನಿಯಮ ಕಾಣಿಸುತ್ತದೆ. ಹೈಸ್ಕೂಲ್ ಡಿಪ್ಲೊಮಾಗೆ ಲೆಕ್ಕ ಹಾಕಿದ ಡ್ಯುಯಲ್ ಕೋರ್ಸನ್ನು ಅವರು ಮತ್ತೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೈಸ್ಕೂಲ್ ಕಟ್ಟಡದಲ್ಲೇ, ಹೈಸ್ಕೂಲ್ ಟೀಚರ್ ಪಾಠ ಮಾಡಿದ ಕಾಲೇಜ್ ಕೋರ್ಸನ್ನೂ ಕೆಲವರು ಬೇಡ ಅನ್ನುತ್ತಾರೆ. ಅಂಥ ಕಾಲೇಜಿಗೇ ಹೋಗಬೇಕು ಅನ್ನುವ ಮಗುವಿಗೆ ಎ.ಪಿ. ಅಥವಾ ಐ.ಬಿ. ಮೇಲು.

ಹೆಜ್ಜೆ 4: ನಾಲ್ಕು ವರ್ಷದ ಪಟ್ಟಿ ಹಾಕಿ

ಗಣಿತದ ಏಣಿ 8ನೇ ತರಗತಿಯಲ್ಲೇ ಶುರುವಾಗುತ್ತದೆ. ಅಲ್ಲಿ ಆಲ್ಜೀಬ್ರಾ 1 ಮುಗಿಸಿದ ಮಗು 12ಕ್ಕೆ ಕ್ಯಾಲ್ಕುಲಸ್ ತಲುಪುತ್ತದೆ. ಇಲ್ಲವಾದರೆ ನಡುವೆ ಬೇಸಿಗೆಯಲ್ಲಿ ಒಂದು ಕೋರ್ಸ್ ಮಾಡಬೇಕು. ನಮ್ಮ ಮನೆಗಳಲ್ಲಿ ಗಣಿತಕ್ಕೆ ಕೊಡುವ ಗಮನ ಇಂಗ್ಲಿಷ್ ಬರವಣಿಗೆಗೆ ಸಿಗುವುದಿಲ್ಲ. ಆದರೆ ಕ್ರೆಡಿಟ್ ದೃಷ್ಟಿಯಿಂದ ಎಲ್ಲ ಡಿಗ್ರಿಗೂ ಬೇಕಾಗುವುದು ಇಂಗ್ಲಿಷ್ ಕಾಂಪೊಸಿಷನ್. ನನ್ನ ಸಲಹೆ ಕೇಳಿದರೆ ಮೊದಲ ಡ್ಯುಯಲ್ ಕೋರ್ಸ್ ಅದೇ ಆಗಲಿ.

ಜಾರ್ಜಿಯಾದ ಒಬ್ಬ ಹುಡುಗಿಯ ಪಟ್ಟಿ ಹೀಗಿರಬಹುದು. 9ರಲ್ಲಿ ಆನರ್ಸ್ (ಸ್ವಲ್ಪ ಕಠಿಣ ಮಟ್ಟದ) ಕೋರ್ಸ್‌ಗಳು, ಎ.ಪಿ. ಯಾವುದೂ ಬೇಡ, ಅಥವಾ ಹ್ಯೂಮನ್ ಜಿಯಾಗ್ರಫಿ ಒಂದೇ. 10ರಲ್ಲಿ ಎ.ಪಿ. ವರ್ಲ್ಡ್ ಹಿಸ್ಟರಿ. 11ರಲ್ಲಿ ಎ.ಪಿ. ಕೆಮಿಸ್ಟ್ರಿ, ಎ.ಪಿ. ಸ್ಟಾಟಿಸ್ಟಿಕ್ಸ್, ಡ್ಯುಯಲ್ ಆಗಿ ಇಂಗ್ಲಿಷ್ ಕಾಂಪೊಸಿಷನ್ 1 ಮತ್ತು 2. 12ರಲ್ಲಿ ಎ.ಪಿ. ಕ್ಯಾಲ್ಕುಲಸ್, ಡ್ಯುಯಲ್ ಆಗಿ ಅಮೆರಿಕನ್ ಗವರ್ನಮೆಂಟ್ ಮತ್ತು ಸೈಕಾಲಜಿ. ಡ್ಯುಯಲ್ ಕೋರ್ಸ್ ನಾಲ್ಕರಿಂದ 12 ಕ್ರೆಡಿಟ್. ಎ.ಪಿ.ಗಳಲ್ಲಿ ಒಳ್ಳೆಯ ಅಂಕ ಬಂದರೆ ಇನ್ನೊಂದು 12ರಿಂದ 16. ಹೋಪ್‌ಗೆ ಬೇಕಾದ ನಾಲ್ಕು ಕಠಿಣ ಕೋರ್ಸ್ ತಾನಾಗಿ ಮುಗಿದಿರುತ್ತದೆ. ಸಂಗೀತ, ಭರತನಾಟ್ಯ, ನಿದ್ದೆ, ಮೂರಕ್ಕೂ ಸಮಯ ಉಳಿಯುತ್ತದೆ.

ಟೆಕ್ಸಾಸ್‌ನಲ್ಲಿ ಇರುವವರು ಇನ್ನೊಂದು ವಿಷಯ ವಿಚಾರಿಸಿ. ಅಲ್ಲಿ ತರಗತಿಯಲ್ಲಿ ಮಗುವಿನ ರ‍್ಯಾಂಕ್ ಮೇಲಿದ್ದರೆ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ನೇರ ಪ್ರವೇಶ. ಕೆಲವು ಶಾಲಾ ಜಿಲ್ಲೆಗಳು ಎ.ಪಿ.ಗೆ ಕೊಡುವಷ್ಟು ತೂಕವನ್ನು ಡ್ಯುಯಲ್ ಕೋರ್ಸ್‌ಗೆ ಕೊಡುವುದಿಲ್ಲ. ಕೋರ್ಸ್ ಕೈಪಿಡಿಯಲ್ಲಿ ಈ ಪಟ್ಟಿ ಇರುತ್ತದೆ, ನೋಡಿ.

ಹೆಜ್ಜೆ 5: ಕಾಗದಪತ್ರ ಮತ್ತು ತಾರೀಕು

ಮುಂದಿನ ವರ್ಷದ ಕೋರ್ಸ್ ಆಯ್ಕೆ ಹೆಚ್ಚಿನ ಶಾಲೆಗಳಲ್ಲಿ ಜನವರಿಯಿಂದ ಮಾರ್ಚ್ ಒಳಗೆ ಮುಗಿಯುತ್ತದೆ. ಹಾಗಾಗಿ ಶಾಲೆಯ ಸಲಹೆಗಾರರಾದ ಕೌನ್ಸಿಲರ್ ಜೊತೆ ಮಾತು ಡಿಸೆಂಬರ್‌ನಲ್ಲೇ ಆಗಲಿ. ಒಬ್ಬ ಕೌನ್ಸಿಲರ್ ಕೈಯಲ್ಲಿ ನೂರಾರು ಮಕ್ಕಳು ಇರುತ್ತಾರೆ. ನೀವು ಕೇಳದಿದ್ದರೆ ಅವರಾಗಿ ಕರೆದು ಹೇಳುವುದು ಕಷ್ಟ.

ಡ್ಯುಯಲ್‌ಗೆ ಕಾಲೇಜಿನ ಅರ್ಜಿ, ಹೈಸ್ಕೂಲ್ ಒಪ್ಪಿಗೆ, ಪೋಷಕರ ಸಹಿ ಬೇಕು. ಎಷ್ಟೋ ಕಡೆ ಆಕ್ಯುಪ್ಲೇಸರ್‌ನಂಥ ಪ್ರವೇಶ ಪರೀಕ್ಷೆಯೂ ಇರುತ್ತದೆ. ಜಾರ್ಜಿಯಾದಲ್ಲಿ ಹಣಕ್ಕೆ ಬೇರೆ ಅರ್ಜಿ ಇದೆ, ಜಿ.ಎ. ಫ್ಯೂಚರ್ಸ್ ತಾಣದಲ್ಲಿ. ವಿದ್ಯಾರ್ಥಿ, ಹೈಸ್ಕೂಲ್, ಕಾಲೇಜ್ ಮೂವರೂ ತಮ್ಮ ಭಾಗ ತುಂಬಬೇಕು. ಒಬ್ಬರು ಮರೆತರೂ ಬಿಲ್ ಮನೆಗೆ ಬರುತ್ತದೆ. ಓಹಾಯೊದಲ್ಲಿ ಮುಂದಿನ ಶಾಲಾ ವರ್ಷಕ್ಕೆ ಸೇರುತ್ತೇವೆ ಅಂತ ಏಪ್ರಿಲ್ 1ರ ಒಳಗೆ ಶಾಲೆಗೆ ಬರೆದುಕೊಡುವ ಪದ್ಧತಿ ಇದೆ.

ಎ.ಪಿ. ಪರೀಕ್ಷೆಗೆ ನವೆಂಬರ್ ಮಧ್ಯದೊಳಗೆ ನೋಂದಾಯಿಸಬೇಕು, ತಡವಾದರೆ ದಂಡ. ಫೀಸ್ ಒಂದಕ್ಕೆ ಸುಮಾರು 100 ಡಾಲರ್. ಆದಾಯ ಕಡಿಮೆ ಇದ್ದರೆ ರಿಯಾಯಿತಿ ಇದೆ. ಕೆಲವು ರಾಜ್ಯಗಳಲ್ಲಿ ಸರ್ಕಾರವೇ ಕಟ್ಟುತ್ತದೆ. ನಿಮ್ಮ ಶಾಲೆಯಲ್ಲಿ ಆ ವಿಷಯ ಇಲ್ಲದಿದ್ದರೂ ಬೇರೆ ಶಾಲೆಯಲ್ಲಿ ಹೋಗಿ ಬರೆಯಬಹುದು, ಆದರೆ ಸೆಪ್ಟೆಂಬರ್‌ನಲ್ಲೇ ಆ ಶಾಲೆಯವರನ್ನು ಕೇಳಬೇಕು. ಊರಲ್ಲಿ, ಬೆಂಗಳೂರಿನಲ್ಲಿ ಓದುತ್ತಿರುವ ಮಕ್ಕಳಿಗೂ ಎ.ಪಿ. ಬರೆಯುವ ಅವಕಾಶ ಇದೆ. ಅಮೆರಿಕಕ್ಕೆ ಡಿಗ್ರಿಗೆ ಬರಬೇಕು ಅನ್ನುವ ಅಣ್ಣ ತಂಗಿಯರ ಮಕ್ಕಳಿಗೆ ಹೇಳಿ.

ಹೆಜ್ಜೆ 6: ಕಾಲೇಜ್ ಕ್ಲಾಸಿಗೆ ಸೇರಿದ ಮೇಲೆ

ಇಲ್ಲಿ ಅಪ್ಪ ಅಮ್ಮ ಸ್ವಲ್ಪ ಹಿಂದೆ ಸರಿಯಬೇಕು. ಫರ್ಪಾ ಅನ್ನುವ ಕಾನೂನಿನ ಪ್ರಕಾರ ಮಗು ಕಾಲೇಜಿಗೆ ಸೇರಿದ ಕ್ಷಣದಿಂದ, ವಯಸ್ಸು 16 ಇದ್ದರೂ, ಆ ಕಾಲೇಜಿನ ದಾಖಲೆಗಳ ಹಕ್ಕು ಮಗುವಿನದ್ದು. ಪ್ರೊಫೆಸರ್‌ಗೆ ಫೋನ್ ಮಾಡಿ "ನಮ್ಮ ಮಗ ಹೇಗೆ ಓದುತ್ತಿದ್ದಾನೆ?" ಅಂತ ಕೇಳಿದರೆ ಅವರು ಹೇಳುವುದಿಲ್ಲ. "ಅಮ್ಮಾ, ನೀನು ಫೋನ್ ಮಾಡಬೇಡ, ನಾನೇ ಇಮೇಲ್ ಬರೀತೀನಿ" ಅಂತ ಮಗು ಹೇಳಿದರೆ ಖುಷಿಪಡಿ. ಅದು ಕಲಿಯಬೇಕಾದದ್ದೇ ಅದು.

ಮೊದಲ ವಾರ ಸಿಲಬಸ್ ತೆಗೆದು ಪ್ರತಿ ಪರೀಕ್ಷೆ, ಪ್ರತಿ ಅಸೈನ್‌ಮೆಂಟ್ ತಾರೀಕನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಹಾಕಿ. ಎರಡು ತಾರೀಕು ಕೆಂಪಲ್ಲಿ ಬರೆಯಿರಿ. ಒಂದು, ಕೋರ್ಸ್ ಬಿಡಲು ಕೊನೆಯ ದಿನ. ಅದರೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಸುಳಿವೂ ಇರುವುದಿಲ್ಲ. ಇನ್ನೊಂದು, ವಿತ್‌ಡ್ರಾ ಮಾಡಲು ಕೊನೆಯ ದಿನ. ಆಗ ಡಬ್ಲ್ಯೂ ಅಂತ ಬೀಳುತ್ತದೆ, ಜಿ.ಪಿ.ಎ.ಗೆ ಪೆಟ್ಟಿಲ್ಲ. ಆದರೆ ಅದಕ್ಕೂ ಬೆಲೆ ಇದೆ. ಫೆಡರಲ್ (ಕೇಂದ್ರ ಸರ್ಕಾರದ) ನೆರವು ಪಡೆಯಲು, ಸೇರಿದ ಕ್ರೆಡಿಟ್‌ಗಳಲ್ಲಿ ಸುಮಾರು ಮೂರನೇ ಎರಡು ಭಾಗ ಮುಗಿಸಿರಬೇಕು. ಹೈಸ್ಕೂಲ್‌ನಲ್ಲಿ ತೆಗೆದ ಡಬ್ಲ್ಯೂ, ಎಫ್‌ಗಳೂ ಆ ಲೆಕ್ಕಕ್ಕೆ ಸೇರಬಹುದು. ಹೈಸ್ಕೂಲ್ ವಯಸ್ಸಿನ ಎಡವಟ್ಟು ಕಾಲೇಜಿನ ಮೊದಲ ದಿನವೇ ನೆರವಿಗೆ ಅಡ್ಡ ಬರುವುದು ಹೀಗೆ.

ಮಗುವಿಗೆ ಕಲಿಕೆಯ ತೊಂದರೆ ಇದ್ದು ಶಾಲೆಯಲ್ಲಿ ಐ.ಇ.ಪಿ. (ಆ ಮಗುವಿಗಾಗಿ ಮಾಡಿದ ವಿಶೇಷ ಕಲಿಕಾ ಯೋಜನೆ) ಇದ್ದರೆ, ಅದು ಕಾಲೇಜಿನಲ್ಲಿ ನಡೆಯುವುದಿಲ್ಲ. ಕಾಲೇಜಿನ ಅಂಗವಿಕಲರ ಸೇವಾ ಕಚೇರಿಗೆ ಮಗುವೇ ಹೋಗಿ, ದಾಖಲೆ ಕೊಟ್ಟು, ಹೆಚ್ಚು ಸಮಯದಂಥ ಸೌಲಭ್ಯ ಕೇಳಬೇಕು. ಕ್ಲಾಸ್ ಶುರುವಾಗುವ ಮುಂಚೆಯೇ ಇದನ್ನು ಮಾಡಿ.

ಎಚ್-4 ವೀಸಾದಲ್ಲಿರುವ ಮಕ್ಕಳಿಗೆ

ನಮ್ಮ ಸಮುದಾಯದಲ್ಲಿ ಎಚ್-1 ವೀಸಾದಲ್ಲಿ ಹತ್ತಾರು ವರ್ಷ ಗ್ರೀನ್ ಕಾರ್ಡ್ ಕಾಯುತ್ತಿರುವವರು ಎಷ್ಟೋ ಜನ. ಅವರನ್ನು ಅವಲಂಬಿಸಿ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಫಾಫ್ಸಾ ಅನ್ನುವ ಅರ್ಜಿಯ ಮೂಲಕ ಬರುವ ಫೆಡರಲ್ ನೆರವು ಇಲ್ಲ. ಹೋಪ್, ಬ್ರೈಟ್ ಫ್ಯೂಚರ್ಸ್‌ನಂಥವು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್‌ನಂಥ ಅರ್ಹತೆ ಇರುವವರಿಗೆ ಮಾತ್ರ. ಇಲ್ಲೇ ಅಕ್ಷರ ಕಲಿತು, ಇಲ್ಲೇ ಬೆಳೆದ ಮಗುವಿಗೆ ಇದನ್ನು ವಿವರಿಸುವುದು ಸಂಕಟದ ಕೆಲಸ.

ಅದಕ್ಕೇ ಈ ಮಕ್ಕಳಿಗೆ ಹೈಸ್ಕೂಲ್ ಕ್ರೆಡಿಟ್ ಇನ್ನೂ ಮುಖ್ಯ. ಎ.ಪಿ., ಕ್ಲೆಪ್‌ಗೆ ವೀಸಾ ಕೇಳುವುದಿಲ್ಲ. ಡ್ಯುಯಲ್ ಕಾರ್ಯಕ್ರಮಗಳ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಕೇಳಿ ನೋಡಿ. ಕಾಲೇಜುಗಳೇ ಕೊಡುವ ಮೆರಿಟ್ ಸ್ಕಾಲರ್‌ಶಿಪ್‌ಗಳಲ್ಲಿ ಹಲವು ಎಲ್ಲರಿಗೂ ತೆರೆದಿರುತ್ತವೆ, ಖಾಸಗಿ ಕಾಲೇಜುಗಳಲ್ಲಿ ವಿಶೇಷವಾಗಿ. ಅವಕ್ಕೆ ಬೇಕಾದ ಬಲ ಕಠಿಣ ಕೋರ್ಸ್‌ಗಳ ಟ್ರಾನ್ಸ್‌ಕ್ರಿಪ್ಟ್‌ನಿಂದಲೇ ಬರುತ್ತದೆ. ಇನ್ನೊಂದು, 21 ತುಂಬಿದಾಗ ಎಚ್-4 ಮುಗಿಯುತ್ತದೆ. 18ಕ್ಕೆ ಕಾಲೇಜ್ ಸೇರಿದರೆ ಮುಗಿಯುವಾಗ 22. ನಡುವೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು, ಆಗ ರಾಜ್ಯದ ಒಳಗಿನವರ ಕಡಿಮೆ ಫೀಸ್ ಕೂಡ ಕೆಲವು ಕಡೆ ಕೈ ತಪ್ಪಬಹುದು. 30 ಕ್ರೆಡಿಟ್ ಮೊದಲೇ ಇದ್ದರೆ ಡಿಗ್ರಿ ಮೂರು ವರ್ಷಕ್ಕೆ ಮುಗಿಯುವ ಸಾಧ್ಯತೆ ಇದೆ. ವೀಸಾ ಬದಲಾವಣೆ ಬಗ್ಗೆ 20 ತುಂಬುವ ಮುಂಚೆಯೇ ವಕೀಲರ ಹತ್ತಿರ ಮಾತಾಡಿ.

ಹೆಜ್ಜೆ 7: 12ನೇ ತರಗತಿಯ ಅರ್ಜಿ

ಕಾಲೇಜಿನ ಮೆರಿಟ್ ಸ್ಕಾಲರ್‌ಶಿಪ್‌ಗಳ ಕೊನೆಯ ದಿನ ಎಷ್ಟೋ ಸಲ ಪ್ರವೇಶದ ಕೊನೆಯ ದಿನಕ್ಕಿಂತ ಮೊದಲೇ ಬರುತ್ತದೆ. ನವೆಂಬರ್ 1, ಡಿಸೆಂಬರ್ 1 ಸಾಮಾನ್ಯ. ಫಾಫ್ಸಾ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಫ್ಲೋರಿಡಾದ ಅರ್ಜಿಯೂ ಆಗಲೇ ತೆರೆಯುತ್ತದೆ. ಆದಾಯ ಜಾಸ್ತಿ ಇದೆ, ನಮಗೆ ಏನೂ ಸಿಗುವುದಿಲ್ಲ ಅಂತ ಫಾಫ್ಸಾ ಬಿಡಬೇಡಿ. ಕೆಲವು ಮೆರಿಟ್ ಹಣಕ್ಕೂ ಅದನ್ನು ಕೇಳುತ್ತಾರೆ.

ಅರ್ಜಿಯಲ್ಲಿ ಮಗು ಫ್ರೆಶ್‌ಮನ್ (ಮೊದಲ ವರ್ಷದ ವಿದ್ಯಾರ್ಥಿ) ಆಗಿಯೇ ಅರ್ಜಿ ಹಾಕಬೇಕು. ಕೈಯಲ್ಲಿ 60 ಕ್ರೆಡಿಟ್ ಇದ್ದರೂ, ಅದು ಹೈಸ್ಕೂಲ್ ಮುಗಿಯುವ ಮೊದಲು ಗಳಿಸಿದ್ದಾದರೆ, ಹೆಚ್ಚಿನ ಕಾಲೇಜುಗಳು ಫ್ರೆಶ್‌ಮನ್ ಅಂತಲೇ ನೋಡುತ್ತವೆ. ದೊಡ್ಡ ಸ್ಕಾಲರ್‌ಶಿಪ್‌ಗಳು ಇರುವುದು ಫ್ರೆಶ್‌ಮನ್‌ಗಳಿಗೇ. ಹೈಸ್ಕೂಲ್ ಮುಗಿಸಿ, "ಸುಮ್ನೆ ಇರೋದು ಬೇಡ" ಅಂತ ಆ ಶರತ್ಕಾಲದಲ್ಲಿ ಕಮ್ಯುನಿಟಿ ಕಾಲೇಜಿಗೆ ಪೂರ್ತಿ ಸೇರಿದರೆ ಟ್ರಾನ್ಸ್‌ಫರ್ ವಿದ್ಯಾರ್ಥಿ ಆಗಿಬಿಡಬಹುದು. ಆಗ ಆ ಹಣದ ಬಾಗಿಲು ಮುಚ್ಚುತ್ತದೆ. ಮಧ್ಯದ ಬೇಸಿಗೆ ಕೋರ್ಸ್ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೂ ಕಾಲೇಜನ್ನು ಇಮೇಲ್‌ನಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ.

ಡ್ಯುಯಲ್ ಕೋರ್ಸ್ ಹೈಸ್ಕೂಲ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣಿಸಿದರೆ ಸಾಲದು. ಪಾಠ ಮಾಡಿದ ಕಾಲೇಜಿನಿಂದಲೇ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಹೋಗಬೇಕು. ಎ.ಪಿ. ಅಂಕ ಕಾಲೇಜ್ ಬೋರ್ಡ್‌ನಿಂದ ಹೋಗಬೇಕು. ವರ್ಷಕ್ಕೆ ಒಂದು ಕಾಲೇಜಿಗೆ ಉಚಿತವಾಗಿ ಕಳಿಸಬಹುದು, ಅದರ ಕೊನೆಯ ದಿನ ಜೂನ್‌ನಲ್ಲಿ.

ಹೆಜ್ಜೆ 8: ಓರಿಯೆಂಟೇಷನ್‌ಗೆ ಮುಂಚೆ

ಜುಲೈನಲ್ಲಿ ಎ.ಪಿ. ಫಲಿತಾಂಶ ಬಂದ ಮೇಲೆ ಕಾಲೇಜಿನ ಪೋರ್ಟಲ್‌ನಲ್ಲಿ ಡಿಗ್ರಿ ಆಡಿಟ್ ತೆರೆದು ನೋಡಿ. ಯಾವ ಕೋರ್ಸ್‌ಗೆ ಯಾವ ಕ್ರೆಡಿಟ್ ಕೂತಿದೆ ಅಂತ ಅಲ್ಲಿ ಕಾಣಿಸುತ್ತದೆ. ಏನಾದರೂ ಕಾಣೆಯಾಗಿದ್ದರೆ ರಿಜಿಸ್ಟ್ರಾರ್ ಕಚೇರಿಗೆ ಬರೆಯಿರಿ. ಎಲೆಕ್ಟಿವ್ ಖಾನೆಗೆ ಬಿದ್ದಿದ್ದರೆ ಡ್ಯುಯಲ್ ಕೋರ್ಸ್‌ನ ಸಿಲಬಸ್ ಕಳಿಸಿ ಮರುಪರಿಶೀಲನೆ ಕೇಳಬಹುದು. ಅದಕ್ಕೇ ಪ್ರತಿ ಕೋರ್ಸ್‌ನ ಸಿಲಬಸ್‌ನ ಪಿ.ಡಿ.ಎಫ್. ಅನ್ನು ಮೊದಲಿಂದಲೇ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಂಡಿರಬೇಕು.

ಈ ಆಡಿಟ್ ಸರಿಯಾಗುವ ಮುಂಚೆ ಮಗು ಕೋರ್ಸ್ ಆರಿಸಿದರೆ, ಈಗಾಗಲೇ ಮುಗಿಸಿದ್ದನ್ನೇ ಮತ್ತೆ ತೆಗೆದುಕೊಂಡು ಫೀಸ್ ಕಟ್ಟುವ ಸಾಧ್ಯತೆ ಇದೆ. ಎಲ್ಲ ಕ್ರೆಡಿಟ್ ಬಳಸಲೇಬೇಕು ಅಂತಲೂ ಇಲ್ಲ. ಸ್ಕಾಲರ್‌ಶಿಪ್ ಎಂಟು ಸೆಮಿಸ್ಟರ್‌ಗೆ ಸಿಕ್ಕಿದ್ದರೆ ಮೂರು ವರ್ಷಕ್ಕೆ ಓಡಿ ಮುಗಿಸುವ ಬದಲು, ಉಳಿದ ಜಾಗದಲ್ಲಿ ಎರಡನೇ ಮೇಜರ್ (ಮುಖ್ಯ ವಿಷಯ) ಅಥವಾ ಇಂಟರ್ನ್‌ಶಿಪ್ ಸೆಮಿಸ್ಟರ್ ಸೇರಿಸಬಹುದು. ಕ್ಯಾಲ್ಕುಲಸ್‌ನಲ್ಲಿ 3 ಬಂದ ಎಂಜಿನಿಯರಿಂಗ್ ಮಗು ಆ ಕ್ರೆಡಿಟ್ ಬಿಟ್ಟು ಕಾಲೇಜಿನಲ್ಲಿ ಮತ್ತೆ ಓದುವುದೇ ಒಳ್ಳೆಯದು, ಮುಂದಿನ ಕೋರ್ಸ್‌ಗಳೆಲ್ಲ ಅದರ ಮೇಲೇ ನಿಂತಿವೆ. ಮತ್ತೆ, ಪ್ರತಿ ಸೆಮಿಸ್ಟರ್‌ನಲ್ಲಿ ಕನಿಷ್ಠ 12 ಕ್ರೆಡಿಟ್‌ಗೆ ಸೇರಿರಬೇಕು ಅನ್ನುವ ಷರತ್ತು ಬಹಳಷ್ಟು ಸ್ಕಾಲರ್‌ಶಿಪ್‌ಗಳಿಗೆ ಇದೆ. ಕೊನೆಯ ಸೆಮಿಸ್ಟರ್‌ನಲ್ಲಿ ಎರಡೇ ಕೋರ್ಸ್ ಉಳಿದರೆ ಆ ಸಲದ ಹಣ ನಿಲ್ಲಬಹುದು. ಅಡ್ವೈಸರ್ ಜೊತೆ ಮೊದಲ ಭೇಟಿಯಲ್ಲೇ ಎಂಟೂ ಸೆಮಿಸ್ಟರ್‌ಗೆ ಕೋರ್ಸ್ ಹಂಚಿ ಬರೆಸಿಕೊಳ್ಳಿ.